ಖಾಸಗಿತನ ಮತ್ತು ಸೈಬರ್ ಕಾನೂನಿನ ವಕೀಲಿ ವೃತ್ತಿ (ಕರ್ನಾಟಕ)

ಜನರ ಖಾಸಗಿ ಮಾಹಿತಿಯ ರಕ್ಷಣೆ, ಕಂಪ್ಯೂಟರ್ ಮತ್ತು ಮೊಬೈಲ್ ಮೂಲಕ ನಡೆಯುವ ಅಪರಾಧ, ಇವೆರಡರ ಸುತ್ತ ಬೆಳೆದ ವಕಾಲತ್ತು. 2000ರ ಅಕ್ಟೋಬರ್ 17ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಯಾದಾಗ ಇದಕ್ಕೆ ನೆಲೆ ಸಿಕ್ಕಿತು. ಮರುವರ್ಷ ಬೆಂಗಳೂರಿನಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಆರಂಭವಾಯಿತು. ನಷ್ಟ ಪರಿಹಾರ ಕೇಳುವವರು ಸಿವಿಲ್ ಕೋರ್ಟಿನ ಬದಲು ರಾಜ್ಯದ ಐಟಿ ಕಾರ್ಯದರ್ಶಿಯ ಮುಂದೆ ವಾದಿಸಬೇಕಿತ್ತು. 5 ಕೋಟಿ ರೂಪಾಯಿವರೆಗಿನ ದಾವೆಗಳು ಇಂದಿಗೂ ಅಲ್ಲಿಗೇ ಹೋಗುತ್ತವೆ.

ಖಾಸಗಿತನಕ್ಕೆ ಸಂವಿಧಾನದ ಬಲ ತಂದುಕೊಟ್ಟವರೂ ಕನ್ನಡ ನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1954 ಮತ್ತು 1962ರ ತೀರ್ಪುಗಳನ್ನು ಮುಂದಿಟ್ಟ ಕೇಂದ್ರ ಸರ್ಕಾರ, ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಅದು ಹಕ್ಕೆಂದು ಸಾರಿತು. ಪುಟ್ಟಸ್ವಾಮಿ 2024ರಲ್ಲಿ ತೀರಿಕೊಂಡರು.

ಮುಳಬಾಗಿಲಿನಂಥ ತಾಲ್ಲೂಕು ಕೋರ್ಟುಗಳಿಗೆ ಈ ವೃತ್ತಿ ಬಂದದ್ದು ಹಕ್ಕಿನ ವಾದದಿಂದಲ್ಲ, ಹಣ ಕಳೆದುಕೊಂಡವರಿಂದ. ಒಟಿಪಿ ಹೇಳಿ ಮೋಸಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುತ್ತಾರೆ, ಊರಿನ ಠಾಣೆಗೋ ಜಿಲ್ಲಾ ಕೇಂದ್ರ ಕೋಲಾರದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೋ ದೂರು ಕೊಡುತ್ತಾರೆ. ವಂಚಕರ ಖಾತೆಯಲ್ಲಿ ತಡೆಹಿಡಿದ ಹಣ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕುತ್ತಾರೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 457ನೆಯ ಕಲಮಿನಡಿ ಹಾಕುತ್ತಿದ್ದ ಈ ಅರ್ಜಿ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 503ಕ್ಕೆ ಬಂದಿದೆ. ದೊಡ್ಡ ತೀರ್ಪುಗಳಿಗಿಂತ ಇಂಥ ಸಣ್ಣ ಅರ್ಜಿಯೇ ಸಂತ್ರಸ್ತರಿಗೆ ಹೆಚ್ಚು ಆಸರೆ.

ಸಾಕ್ಷ್ಯದ ವಿಷಯದಲ್ಲಿ ಜಾಗ್ರತೆ ಬೇಕು. ವಾಟ್ಸ್‌ಆ್ಯಪ್ ಸಂದೇಶದ ಪ್ರಿಂಟು, ಸಿಸಿಟಿವಿ ದೃಶ್ಯದ ಪ್ರತಿ ತಂದರಷ್ಟೇ ಸಾಲದು. ಜೊತೆಗೆ ಆ ಪ್ರತಿ ಹೇಗೆ ತಯಾರಾಯಿತೆಂಬ ಪ್ರಮಾಣಪತ್ರ ಇರಲೇಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿ, 2020ರಲ್ಲಿ ದೃಢಪಡಿಸಿತು. ಇದನ್ನು ಕೇಳುವ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಜಾಗದಲ್ಲಿ ಈಗ ಹೊಸ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿದೆ. ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ಬರೆದು ತಜ್ಞರ ಸಹಿಯನ್ನೂ ಹಾಕಿಸಬೇಕು. ತಾಲ್ಲೂಕಿನಲ್ಲಿ ಅಂಥ ತಜ್ಞರನ್ನು ಹುಡುಕುವುದೇ ವಕೀಲರಿಗೆ ಕಷ್ಟ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ಮುಖ್ಯ ಕಲಮುಗಳು ಅಲ್ಲಿಂದ 18 ತಿಂಗಳಿಗೆ ಜಾರಿಯಾಗಲಿವೆ. ಮಾಹಿತಿ ಸೋರಗೊಟ್ಟ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. ಆದರೆ ದಂಡದ ಹಣ ಸೇರುವುದು ಸರ್ಕಾರದ ಸಂಚಿತ ನಿಧಿಗೆ. ಸಂಸ್ಥೆಗಳ ನಿರ್ಲಕ್ಷ್ಯಕ್ಕೆ ಪರಿಹಾರ ಕೇಳಲು ಅವಕಾಶವಿತ್ತ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮನ್ನೂ ಈ ಹೊಸ ಕಾಯ್ದೆ ತೆಗೆದುಹಾಕುತ್ತದೆ. ನೊಂದವರ ಪಾಲಿಗೆ ಇದು ದೊಡ್ಡ ಅನ್ಯಾಯ.