ಹೀರುಬಲದ ಈಜುಕೊಳ ಶುಚಿಯಂತ್ರ

ಈಜುಕೊಳದ ಪಂಪು ನೀರನ್ನು ಎಳೆದುಕೊಳ್ಳುವ ಬಲದಿಂದಲೇ ಚಲಿಸುತ್ತ, ಕೊಳದ ತಳ ಮತ್ತು ಗೋಡೆಗಳ ಮೇಲೆ ತಾನಾಗಿ ಓಡಾಡಿ ಮಣ್ಣು, ಎಲೆ, ಪಾಚಿಗಳನ್ನು ಹೀರುವ ಸಾಧನ. ಇದರೊಳಗೆ ಮೋಟಾರಿಲ್ಲ, ಬ್ಯಾಟರಿಯಿಲ್ಲ, ವಿದ್ಯುತ್ ತಂತಿಯೂ ಇಲ್ಲ. ಕೊಳದ ಅಂಚಿನಲ್ಲಿರುವ ಸ್ಕಿಮ್ಮರ್ ಬಾಯಿಗೆ ಸೇರಿಸಿದ, ತೇಲುವ ಉದ್ದನೆಯ ಹೋಸ್ ಪೈಪು ಮಾತ್ರ ಇದನ್ನು ಪಂಪಿಗೆ ಜೋಡಿಸುತ್ತದೆ. ಹೀರಿದ ಕಸ ಯಂತ್ರದಲ್ಲಿ ಉಳಿಯದೆ ಪೈಪಿನ ಮೂಲಕ ಕೊಳದ ಫಿಲ್ಟರಿಗೆ ಹೋಗಿ ಸೇರುತ್ತದೆ. ಇದರ ಚರಿತ್ರೆ ಹೇಳುವ ಬರಹಗಳಲ್ಲಿ ಎರಡು ಗೊಂದಲಗಳು ಮತ್ತೆ ಮತ್ತೆ ಕಾಣುತ್ತವೆ. ಇದನ್ನು ಮೊದಲು ಕಂಡುಹಿಡಿದವರು ಯಾರು ಎಂಬುದು ಒಂದು, ಇದನ್ನು ರೋಬಾಟ್ ಎಂದು ಕರೆಯಬಹುದೇ ಎಂಬುದು ಇನ್ನೊಂದು. ಎರಡಕ್ಕೂ ಬೇರು ಒಂದೇ: ಬರೆದವರು ಯಂತ್ರ ಹೇಗೆ ಹೀರುತ್ತದೆ ಎಂಬುದನ್ನು ನೋಡಿದ್ದಾರೆ, ಹೇಗೆ ದಾರಿ ಹಿಡಿಯುತ್ತದೆ ಎಂಬುದನ್ನು ನೋಡಿಲ್ಲ.

ವಂಶಾವಳಿ ಸಾಮಾನ್ಯವಾಗಿ ಈಜುಕೊಳದಿಂದಲ್ಲ, ಮಳೆನೀರಿನ ತೊಟ್ಟಿಯಿಂದ ಶುರುವಾಗುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಜಾನ್ ಪ್ಯಾಟಿಸನ್ 1883ರಲ್ಲಿ ತೊಟ್ಟಿ ಶುಚಿಗೊಳಿಸುವ ಸಾಧನಕ್ಕೆ ಪೇಟೆಂಟ್ ಅರ್ಜಿ ಹಾಕಿದ. ನೀರನ್ನು ಕದಡದೆ ತಳದ ಹೂಳನ್ನು ಕೆರೆದು ಹೀರುವುದು ಅದರ ಉದ್ದೇಶ. 1912ರಲ್ಲಿ ಪಿಟ್ಸ್‌ಬರ್ಗ್‌ನ ಜಾನ್ ಡೇವಿಸನ್ ಈಜುಕೊಳಕ್ಕೆಂದೇ ಒಂದು ಸಾಧನ ರೂಪಿಸಿದ. 1937ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಜೋಸೆಫ್ ಐಸ್ಟ್ರಪ್‌ನ ಹೆಸರು ಬರುತ್ತದೆ, ‘ಮೊದಲ ಹೀರುಯಂತ್ರ’ದ ಗೌರವವೂ ಅವನಿಗೇ ಸಲ್ಲುತ್ತದೆ. ಈ ಪಟ್ಟಿಯೊಳಗೇ ವಿರೋಧಾಭಾಸವಿದೆ. ಹೀರುವುದೇ ಅಳತೆಗೋಲಾದರೆ ಐಸ್ಟ್ರಪ್‌ಗಿಂತ ಅರ್ಧ ಶತಮಾನ ಹಿಂದೆಯೇ ಪ್ಯಾಟಿಸನ್ ಹೀರಿ ಮುಗಿಸಿದ್ದ. ಆಳಿಲ್ಲದೆ ತಾನಾಗಿ ಓಡಾಡುವುದೇ ಅಳತೆಗೋಲಾದರೆ, ಆ ಕೆಲಸವನ್ನು ವ್ಯಾಪಾರದ ಮಟ್ಟಕ್ಕೆ ತಂದವರು ಕ್ಯಾಲಿಫೋರ್ನಿಯಾದ ಆಂಡ್ರ್ಯೂ ಪನ್ಸಿನಿ, ಹೋವರ್ಡ್ ಆರ್ನೆಸನ್ ಮೊದಲಾದವರು. ಆದರೆ ಅವರದು ಬೇರೆ ಪಂಗಡ: ಪಂಪು ಹೊರಹಾಕುವ ಒತ್ತಡದ ನೀರನ್ನು ಚಿಮ್ಮಿಸಿ ನಡೆಯುವ ಯಂತ್ರಗಳು. ಎಳೆಯುವ ನೀರಿನಿಂದಲೇ ನಡಿಗೆಯನ್ನೂ ಪಡೆಯುವ ಯಂತ್ರ ಮಾರುಕಟ್ಟೆಯಲ್ಲಿ ನೆಲೆಯೂರಿದ್ದು ದಕ್ಷಿಣ ಆಫ್ರಿಕಾದಲ್ಲಿ. ಬೆಲ್ಜಿಯನ್ ಕಾಂಗೋದಿಂದ 1951ರಲ್ಲಿ ಅಲ್ಲಿಗೆ ಬಂದ ಜಲಯಂತ್ರ ಎಂಜಿನಿಯರ್ ಫರ್ಡಿನಂಡ್ ಶೋವಿಯೆ, ಸ್ಪ್ರಿಂಗ್ಸ್ ಎಂಬ ಊರಿನಲ್ಲಿ 1974ರಲ್ಲಿ ‘ಕ್ರೀಪಿ ಕ್ರಾಲಿ’ಯನ್ನು ಹೊರತಂದ. ಹೆಸರಿನ ಅರ್ಥ ಹರಿದಾಡುವ ಹುಳು ಎಂದು. ಅದರ ನಡಿಗೆ ನೋಡಿದವರಿಗೆ ಹೆಸರು ವಿವರಿಸಬೇಕಿಲ್ಲ.

1974ನ್ನೇ ತಿರುವು ಎನ್ನುವುದಕ್ಕೆ ಕಾರಣ ಮಾರಾಟವಲ್ಲ, ಶೋವಿಯೆ ಬಿಡಿಸಿದ ಒಗಟು. ಹೀರುವ ಯಂತ್ರದ ಶತ್ರು ಅದರ ಹೀರುಬಲವೇ. ತಳಕ್ಕೆ ಬಿಗಿಯಾಗಿ ಅಂಟಿದರೆ ಕಸ ಚೆನ್ನಾಗಿ ಬರುತ್ತದೆ, ಯಂತ್ರ ಮಾತ್ರ ಅಲ್ಲಾಡುವುದಿಲ್ಲ. ಸಡಿಲ ಬಿಟ್ಟರೆ ಅಲ್ಲಾಡುತ್ತದೆ, ಕಸ ಬರುವುದಿಲ್ಲ. 40 ಸೆಂಟಿಮೀಟರ್ ಅಡ್ಡಳತೆಯ ಒಂದು ತಟ್ಟೆಯ ಅಡಿಯಲ್ಲಿ ನೀರಿನ ಒತ್ತಡ ಬರಿಯ 1000 ಪಾಸ್ಕಲ್, ಅಂದರೆ ವಾಯುಭಾರದ ನೂರನೇ ಒಂದು ಪಾಲು, ಕಡಿಮೆಯಾದರೂ ಸಾಕು, ಸುಮಾರು 125 ನ್ಯೂಟನ್ ಬಲ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. 13 ಕಿಲೋ ತೂಕ ಹೇರಿದ ಹಾಗೆ. ಶೋವಿಯೆಯ ಉಪಾಯ ಇಷ್ಟು: ಯಂತ್ರದ ತಲೆಯೊಳಗೆ ನೀರು ಹೋಗಲು ಎರಡು ದಾರಿ, ನಡುವೆ ಅತ್ತಿತ್ತ ತೂಗುವ ಒಂದು ಕವಾಟ. ಹರಿವ ನೀರೇ ಕವಾಟವನ್ನು ಒಂದು ದಾರಿಯ ಮೇಲೆ ಸೆಳೆದು ಮುಚ್ಚುತ್ತದೆ. ಮುಚ್ಚಿದೊಡನೆ ಇನ್ನೊಂದು ದಾರಿಯ ಸೆಳೆತ ಹೆಚ್ಚಿ ಕವಾಟ ಅತ್ತ ಬಡಿಯುತ್ತದೆ. ಹೀಗೆ ಟಕ್, ಟಕ್ ಎಂದು ಬಡಿತ ನಿಲ್ಲದೆ ಸಾಗುತ್ತದೆ. ವೇಗವಾಗಿ ಹರಿಯುತ್ತಿದ್ದ ನೀರಿಗೆ ದಾರಿ ತಟ್ಟನೆ ಕಟ್ಟಿದಾಗ ಅದರ ಜಡತ್ವ ಯಂತ್ರದ ಮೈಯನ್ನು ಮುಂದಕ್ಕೆ ಜಗ್ಗುತ್ತದೆ; ಅದೇ ಕ್ಷಣದಲ್ಲಿ ತಟ್ಟೆಯ ಹಿಡಿತವೂ ಸಡಿಲುತ್ತದೆ. ಹಿಡಿತ ಮತ್ತು ಹೆಜ್ಜೆ ಒಟ್ಟಿಗೆ ಇರಲಾರವು ಎಂಬುದೇ ತೊಡಕಾಗಿತ್ತು. ಅವನ್ನು ಸರದಿಯ ಮೇಲೆ ಬರುವಂತೆ ಮಾಡಿದ್ದು ಪರಿಹಾರ. ಮೈ ನೆಲಕ್ಕೆ ಸುಮಾರು 45 ಡಿಗ್ರಿ ವಾಲಿರುವುದರಿಂದ ಪ್ರತಿ ಜಗ್ಗಿಗೂ ಒಂದು ದಿಕ್ಕು ಸಿಗುತ್ತದೆ. ಸುತ್ತಲಿನ ನೆರಿಗೆಯಂಥ ಮೆತ್ತನೆಯ ಅಂಚು ತಳದ ಉಬ್ಬುತಗ್ಗಿಗೆ ಒಗ್ಗಿಕೊಂಡು ಹಿಡಿತ ಪೂರ್ತಿ ತಪ್ಪದಂತೆ ಕಾಯುತ್ತದೆ.

ಮುಂದೆ ಬಂದ ಬಗೆಗಳು ಇದೇ ವಿಚಾರದ ಕವಲುಗಳು, ಹೆಚ್ಚು ವಿವರಿಸಬೇಕಿಲ್ಲ. ‘ಬರಾಕುಡಾ’ ಜಾತಿಯ ಯಂತ್ರಗಳಲ್ಲಿ ಕವಾಟದ ಬದಲು ರಬ್ಬರಿನ ಕೊಳವೆಯೊಂದು ಕುಗ್ಗಿ ಹಿಗ್ಗುತ್ತದೆ. ಚಲಿಸುವ ಭಾಗ ಅದೊಂದೇ, ಆದ್ದರಿಂದ ಕೆಡುವುದೂ ಕಡಿಮೆ. ಟರ್ಬೈನ್ ಜಾತಿಯಲ್ಲಿ ನೀರು ಒಂದು ಚಕ್ರವನ್ನು ತಿರುಗಿಸಿ ಹಲ್ಲುಗಾಲಿಗಳ ಮೂಲಕ ಗಾಲಿಗಳನ್ನೋ ಕಾಲುಗಳನ್ನೋ ನಡೆಸುತ್ತದೆ. ಇವುಗಳಲ್ಲಿ ಕೆಲವಕ್ಕೆ ಒಂದು ಕ್ಯಾಮ್ ಗಾಲಿಯೂ ಇರುತ್ತದೆ. ಇಷ್ಟು ಸುತ್ತು ನೇರ, ಇಷ್ಟು ಸುತ್ತು ಎಡಕ್ಕೆ, ಇಷ್ಟು ಬಲಕ್ಕೆ ಎಂಬ ಲೆಕ್ಕ ಅದರ ಅಂಚಿನ ಆಕಾರದಲ್ಲೇ ಕೊರೆದಿರುತ್ತದೆ.

ಕವಾಟದ ಯಂತ್ರಕ್ಕೆ ಅಂಥ ಲೆಕ್ಕವೂ ಇಲ್ಲ. ಹಾಗಾದರೆ ಅದು ತಿರುಗುವುದು ಹೇಗೆ? ಉತ್ತರದ ದೊಡ್ಡ ಪಾಲು ಯಂತ್ರದಲ್ಲಿಲ್ಲ, ಪೈಪಿನಲ್ಲಿದೆ. 38 ಮಿಲಿಮೀಟರ್ ಒಳವ್ಯಾಸದ 10 ಮೀಟರ್ ಪೈಪಿನಲ್ಲಿ ತುಂಬಿದ ನೀರೇ ಸುಮಾರು 11 ಕಿಲೋ. ಈ ಭಾರದ ಬಾಲ ಮೇಲೆ ತೇಲುತ್ತ, ಬಾಗುತ್ತ, ತಲೆಯನ್ನು ಸದಾ ಒಂದು ಕಡೆಗೆ ಎಳೆಯುತ್ತಿರುತ್ತದೆ. ಯಂತ್ರ ಮುಂದೆ ಹೋದಷ್ಟೂ ಪೈಪು ಬಿಗಿಯುತ್ತದೆ, ಬಿಗಿದಷ್ಟೂ ತಲೆ ತಿರುಗುತ್ತದೆ. ಆದ್ದರಿಂದಲೇ ಪೈಪಿನ ಉದ್ದ ಸ್ಕಿಮ್ಮರಿನಿಂದ ಕೊಳದ ಅತಿ ದೂರದ ಮೂಲೆಯವರೆಗೆ, ಮೇಲೊಂದು ತುಂಡು ಎಂಬ ನಿಯಮ. ಗಿಡ್ಡವಾದರೆ ದೂರದ ಮೂಲೆ ಕೊಳಕಾಗಿಯೇ ಉಳಿಯುತ್ತದೆ, ಉದ್ದವಾದರೆ ಯಂತ್ರ ಒಂದೇ ಕಡೆ ಸುತ್ತುತ್ತದೆ. ಸುರುಳಿ ಸುತ್ತಿಟ್ಟ ಪೈಪು ಆ ಬಾಗನ್ನು ‘ನೆನಪಿಟ್ಟುಕೊಂಡು’ ಯಂತ್ರವನ್ನು ಎಂಟರ ಆಕಾರದಲ್ಲಿ ಓಡಿಸುವುದು ತೀರಾ ಸಾಮಾನ್ಯ ದೂರು. ಬಿಸಿಲಿನಲ್ಲಿ ನೇರವಾಗಿ ಚಾಚಿಟ್ಟರೆ ಸರಿಹೋಗುತ್ತದೆ. ತಲೆಯ ಮೇಲ್ಭಾಗದಲ್ಲಿ ತೇಲುಬುರುಡೆ, ಕೆಳಭಾಗದಲ್ಲಿ ಭಾರ ಇರುವುದರಿಂದ ಗೋಡೆ ಹತ್ತಿದ ಯಂತ್ರ ವಾಲಿ ಮತ್ತೆ ಕೆಳಗಿಳಿಯುತ್ತದೆ. ಸುತ್ತಲಿನ ಬಂಪರ್ ಚಕ್ರ ಮೆಟ್ಟಿಲು, ಏಣಿಗಳಿಗೆ ತಗುಲಿ ಜಾರುತ್ತದೆ. ಫಿಲ್ಟರಿನಿಂದ ಮರಳುವ ನೀರಿನ ಚಿಮ್ಮುಬಾಯಿಯನ್ನು ತುಸು ಕೆಳಕ್ಕೆ ತಿರುಗಿಸಿದರೂ ಸಾಕು, ಪೈಪಿನ ದಾರಿಯೇ ಬದಲಾಗಿ ಯಂತ್ರ ಹೊಸ ಮೂಲೆ ಹಿಡಿಯುತ್ತದೆ.

ಇಂಥದ್ದನ್ನು ರೋಬಾಟ್ ಎನ್ನುವುದು ಮಾರಾಟಗಾರರ ಉತ್ಪ್ರೇಕ್ಷೆ ಎಂಬ ಆಕ್ಷೇಪ ಹಗುರವಾದದ್ದಲ್ಲ. 1948–49ರಲ್ಲಿ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಕಟ್ಟಿದ ಯಂತ್ರ-ಆಮೆಗಳಿಗೆ ಬೆಳಕು ಕಾಣುವ ಕಣ್ಣಿತ್ತು, ತಾಗಿದ್ದು ತಿಳಿಯುವ ಚಿಪ್ಪಿತ್ತು. ಹೀರುಯಂತ್ರಕ್ಕೆ ಎರಡೂ ಇಲ್ಲ. ಅರಿವು, ನಿರ್ಧಾರ, ಕ್ರಿಯೆ ಈ ಮೂರನ್ನೂ ಬೇಡುವ ವ್ಯಾಖ್ಯೆ ಹಿಡಿದರೆ ಆಕ್ಷೇಪ ಗೆಲ್ಲುತ್ತದೆ, ಕ್ಯಾಮ್ ಗಾಲಿಯ ಯಂತ್ರವೂ ಗಡಿಯಾರದ ಸಾಲಿಗೆ ಸೇರುತ್ತದೆ. ಆದರೂ ಇದನ್ನು ರೋಬಾಟ್ ಚರಿತ್ರೆಯಿಂದ ಹೊರಗಿಟ್ಟರೆ ಆ ಚರಿತ್ರೆಗೇ ನಷ್ಟ. 2002ರಲ್ಲಿ ಮನೆಯೊಳಗೆ ಬಂದ ರೂಂಬಾ ಕಸಗುಡಿಸುವ ಯಂತ್ರವೂ ಕೋಣೆಯ ನಕ್ಷೆ ಇಟ್ಟುಕೊಂಡಿರಲಿಲ್ಲ. ಗೋಡೆಗೆ ತಾಗಿ ತಿರುಗುತ್ತ, ಸುರುಳಿ ಸುತ್ತುತ್ತ, ಬಹುಪಾಲು ಆಕಸ್ಮಿಕವನ್ನೇ ನಂಬಿತ್ತು. ಗೊತ್ತುಗುರಿಯಿಲ್ಲದ ಓಡಾಟವೂ ಸಾಕಷ್ಟು ಹೊತ್ತು ನಡೆದರೆ ಜಾಗವನ್ನೆಲ್ಲ ಮುಟ್ಟುತ್ತದೆ ಎಂಬ ಅದೇ ಭರವಸೆ ಅದಕ್ಕಿಂತ 28 ವರ್ಷ ಮೊದಲೇ ನೀರಿನಡಿ ದುಡಿಯುತ್ತಿತ್ತು. ಕುರುಡು ಓಡಾಟದಲ್ಲಿ ಮೂಲೆಗಳು ತಪ್ಪಿಹೋಗುತ್ತವಲ್ಲ ಎಂದರೆ, ಹೌದು, ಹೋಗುತ್ತವೆ. ಆದರೆ ಅವು ಬಹುತೇಕ ದಿನವೂ ಅವೇ ಮೂಲೆಗಳು. ದಾರಿ ಪೂರ್ತಿ ಆಕಸ್ಮಿಕವಾಗಿದ್ದರೆ ತಪ್ಪುವ ಜಾಗ ದಿನಕ್ಕೊಂದಾಗಬೇಕಿತ್ತು. ಪೈಪಿನ ಎಳೆತ, ಕೊಳದ ಆಕಾರ, ಮರಳುವ ನೀರಿನ ಸೆಳವು ಸೇರಿ ಒಂದು ಗುಪ್ತ ಚುಕ್ಕಾಣಿಯಾಗಿವೆ. ಅದನ್ನು ಹಿಡಿದವನು ಹೋಸ್ ಜೋಡಿಸುವ ಕೆಲಸಗಾರ.

1990ರ ದಶಕದವರೆಗೆ ಬದಲಾದದ್ದು ಕಡಿಮೆ, ಆಮೇಲೆ ಈ ಯಂತ್ರದ ಕಾಲಡಿಯ ನೆಲವೇ ಸರಿಯತೊಡಗಿತು. ಇಸ್ರೇಲಿನ ಯಿಜ್ರೇಲ್ ಕಿಬ್ಬುಟ್ಸ್‌ನಲ್ಲಿ 1983ರಲ್ಲಿ ಆರಂಭವಾದ ಮೇಟ್ರಾನಿಕ್ಸ್‌ನಂಥ ಕಂಪನಿಗಳ ವಿದ್ಯುತ್ ರೋಬಾಟ್‌ಗಳು ಸ್ವಂತ ಮೋಟಾರು, ಸ್ವಂತ ಕಸದ ಚೀಲದೊಂದಿಗೆ ಬಂದವು. ಕಸ ಕೊಳದ ಫಿಲ್ಟರಿಗೆ ಹೋಗದಿದ್ದರೆ, ಫಿಲ್ಟರನ್ನು ಹಿಮ್ಮುಖವಾಗಿ ತೊಳೆದು ಚೆಲ್ಲುವ ನೀರು ಉಳಿಯುತ್ತದೆ. ಬರದಿಂದಾಗಿ 2018ರಲ್ಲಿ ನಗರಸಭೆಯ ನೀರನ್ನು ಈಜುಕೊಳಕ್ಕೆ ತುಂಬಬಾರದೆಂದು ನಿಷೇಧಿಸಿದ್ದ ಕೇಪ್‌ಟೌನ್‌ನಲ್ಲಿ, ಹೀರುಯಂತ್ರದ ತವರು ದೇಶದಲ್ಲೇ, ಅದು ಸಣ್ಣ ಉಳಿತಾಯವಲ್ಲ. ಅಮೆರಿಕದಲ್ಲಿ ಪೆಟ್ಟು ಬಿದ್ದದ್ದು ಇನ್ನೊಂದು ದಿಕ್ಕಿನಿಂದ. 2021ರ ಜುಲೈಯಿಂದ ಜಾರಿಗೆ ಬಂದ ಇಂಧನ ನಿಯಮ ಕೊಳಗಳ ಹೊಸ ಪಂಪುಗಳನ್ನು ಬಹುಮಟ್ಟಿಗೆ ವೇಗ ಬದಲಿಸಬಲ್ಲ ಪಂಪುಗಳ ಕಡೆಗೆ ತಳ್ಳಿತು. ಪಂಪಿನ ವೇಗ ಅರ್ಧಕ್ಕಿಳಿದರೆ ಅದು ಬೇಡುವ ಶಕ್ತಿ ಎಂಟನೇ ಒಂದಕ್ಕೆ ಇಳಿಯುತ್ತದೆ, ಮಾಲೀಕನಿಗೆ ಲಾಭ; ಅದು ಉಂಟುಮಾಡುವ ಒತ್ತಡ ಮಾತ್ರ ನಾಲ್ಕನೇ ಒಂದಕ್ಕೆ ಕುಸಿಯುತ್ತದೆ, ಕವಾಟ ಬಡಿಯುವುದು ನಿಲ್ಲುತ್ತದೆ, ಹುಳು ಇದ್ದಲ್ಲೇ ಕೂರುತ್ತದೆ. ಹೀಗಾಗಿ ಇಂಥ ಕೊಳಗಳಲ್ಲಿ ಹೀರುಯಂತ್ರ ಉಳಿದಿರುವ ಕಡೆ, ದಿನದ ಕೆಲವು ಗಂಟೆ ಪಂಪನ್ನು ಅದಕ್ಕೋಸ್ಕರವೇ ಮೇಲಿನ ವೇಗಕ್ಕೆ ಏರಿಸುವಂತೆ ಟೈಮರ್ ಇಡುತ್ತಾರೆ.