ಹೊಳಪು ಯಾರದು, ದೂಳು ಯಾರದು?

ಬಿಹಾರದ ಗಯಾ ಊರಿನಾಚೆ ಬರಾಬರ್ ಎಂಬ ಗುಡ್ಡಗಳಿವೆ. ಅಲ್ಲಿ ಗಟ್ಟಿ ಗ್ರಾನೈಟ್ ಬಂಡೆ ಕೊರೆದು ಮಾಡಿದ ಗುಹೆಗಳ ಒಳಗೋಡೆ ಇವತ್ತಿಗೂ ಕನ್ನಡಿಯ ಹಾಗೆ ಹೊಳೆಯುತ್ತದೆ. ಕ್ರಿಸ್ತಪೂರ್ವ ಮೂರನೇ ಶತಮಾನದ ಕೆಲಸ. ಅಶೋಕ ತನ್ನ ಪಟ್ಟಾಭಿಷೇಕದ 12ನೇ ವರ್ಷದಲ್ಲಿ ಎರಡು ಗುಹೆಗಳನ್ನು ಆಜೀವಿಕರಿಗೆ ದಾನ ಕೊಟ್ಟನೆಂದು ಶಾಸನ ಹೇಳುತ್ತದೆ. ಕೊಟ್ಟವನ ಹೆಸರುಂಟು. ಪಡೆದವರ ಹೆಸರುಂಟು, ಅದನ್ನೂ ಆಮೇಲೆ ಯಾರೋ ಕೆತ್ತಿ ಅಳಿಸಲು ನೋಡಿದ್ದಾರೆ, ಆ ಮಾತು ಬೇರೆ. ಉಜ್ಜಿದವರ ಹೆಸರು ಮಾತ್ರ ಎಲ್ಲೂ ಇಲ್ಲ. ನಮ್ಮ ಪಂಡಿತರು ಇದಕ್ಕೆ 'ಮೌರ್ಯ ಹೊಳಪು' ಅಂತ ಹೆಸರಿಟ್ಟು ಕೈ ತೊಳೆದುಕೊಂಡರು. ಮೌರ್ಯರೇನು ಕೂತು ಉಜ್ಜಿದರೆ?

ನಮ್ಮ ಬೇಲೂರಿಗೇ ಬನ್ನಿ. 1117ರ ಆ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಇದು ಸಣ್ಣ ಮಾತಲ್ಲ, ಒಪ್ಪುತ್ತೇವೆ. ಆದರೆ ಆ ಕಂಬಗಳನ್ನು ಉಜ್ಜಿ ನುಣುಪು ಮಾಡಿದ ಕೈಗಳು? ಕೆತ್ತಿದವನು ಶಿಲ್ಪಿಯಾದ, ಉಜ್ಜಿದವನು ಆಳಾದ. ದುಡಿಯುವವರ ಒಳಗೇ ಹೀಗೆ ಮೇಲು-ಕೀಳು ಹುಟ್ಟಿಸಿದ ವ್ಯವಸ್ಥೆ ನಮ್ಮದು.

ಗೆಳೆಯರೇ, ಹೊಳಪು ಅಂದರೆ ಬಣ್ಣದ ಹಾಗೆ ಮೇಲೆ ಬಳಿಯುವಂಥದ್ದಲ್ಲ. ಗೀರಿನ ಮೇಲೆ ಗೀರು ಎಳೆಯುವುದೇ ಹೊಳಪು. ದೊಡ್ಡ ಗೀರನ್ನು ಸಣ್ಣ ಗೀರಿನಿಂದ ಅಳಿಸಬೇಕು, ಅದನ್ನು ಇನ್ನೂ ಸಣ್ಣದರಿಂದ. ಗೀರು ಬೆಳಕಿನ ಅಲೆಗಿಂತ ಸಣ್ಣದಾದಾಗ ಬೆಳಕು ಚೆದುರದೆ ನೆಟ್ಟಗೆ ವಾಪಸ್ಸು ಬರುತ್ತದೆ, ಕಲ್ಲಿನಲ್ಲಿ ಮುಖ ಕಾಣುತ್ತದೆ. ನಮ್ಮ ದೊಡ್ಡಪ್ಪ ಬೆಂಗಳೂರಿನ ಮನೆಗಳಿಗೆ ಮೊಸಾಯಿಕ್ ನೆಲ ಉಜ್ಜುತ್ತಿದ್ದವರು. ಅವರು ಇದನ್ನು ಯಾವ ಭೌತಶಾಸ್ತ್ರವೂ ಇಲ್ಲದೆ ಹೇಳುತ್ತಿದ್ದರು: "ನಂಬರು ಹಾರುಸ್ದೆ ಅಂದ್ರೆ ಕಲ್ಲು ನೆನಪಿಟ್ಕತದೆ ಕಣ್ಲಾ. ಕೊನೇಲಿ ತೋರುಸ್ತದೆ."

ದೊಡ್ಡಪ್ಪನ ಕೈಲಿದ್ದದ್ದು ಕಾರ್ಬೊರಂಡಂ ಕಲ್ಲು. 1891ರಲ್ಲಿ ಅಮೆರಿಕದ ಅಚೆಸನ್ ಎಂಬಾತ ಕಂಡುಕೊಂಡದ್ದು. ಆ ಹೆಸರಿನ ಅರ್ಧ ತಮಿಳಿನ 'ಕುರುಂದಂ'ನಿಂದ ಹೋದದ್ದೆಂದು ಪಂಡಿತರೇ ಹೇಳುತ್ತಾರೆ. ನಮ್ಮ ಸಾಣೆಕಲ್ಲಿನ ಹೆಸರು ಹಡಗು ಹತ್ತಿ ಹೋಗಿ ಕಂಪನಿ ಮಾಲಾಗಿ ವಾಪಸ್ಸು ಬಂತು. ಸಿಮೆಂಟಿಗೆ ಅಮೃತಶಿಲೆಯ ಚೂರು ಕಲಸಿ ಹಾಸಿ, ಒಣಗಿದ ಮೇಲೆ ಮೊದಲು 60ನೇ ನಂಬರು, ಆಮೇಲೆ 120, ಆಮೇಲೆ 320. ನಡುನಡುವೆ ಸಣ್ಣ ತೂತುಗಳಿಗೆ ಸಿಮೆಂಟು ಹಾಲು ತುಂಬಬೇಕು. ಕೊನೆಗೆ ಆಕ್ಸಾಲಿಕ್ ಆಸಿಡ್. ಮಿಷನ್ನು ನಡುಮನೆಗೆ ಮಾತ್ರ. ಮೂಲೆ, ಮೆಟ್ಟಿಲು, ಗೋಡೆ ಬುಡ ಎಲ್ಲ ಕೈಯಲ್ಲೇ, ಮಂಡಿಯೂರಿ. ದೊಡ್ಡವ್ವನ ಹೆಬ್ಬೆರಳಿನಲ್ಲಿ ಗೆರೆಯೇ ಉಳಿದಿರಲಿಲ್ಲ. ರೇಷನ್ ಅಂಗಡಿಯಲ್ಲಿ ಬೆರಳಚ್ಚಿನ ಮಿಷನ್ನು ಬಂದಾಗ ಅದು ಆಕೆಯನ್ನು ಗುರುತಿಸಲಿಲ್ಲ. ಸ್ವಂತ ಬೆರಳನ್ನೇ 320ನೇ ನಂಬರಿನಲ್ಲಿ ಉಜ್ಜಿಕೊಂಡವಳು!

ಈಗ ಕಾರ್ಬೊರಂಡಮ್ಮಿನ ಜಾಗಕ್ಕೆ ವಜ್ರ ಬಂದಿದೆ. ವಜ್ರ ಅಂದಕೂಡಲೇ ಗೋಲ್ಕೊಂಡ, ನಿಜಾಮ, ಕೊಹಿನೂರು ಅಂತ ಶುರುಮಾಡುತ್ತಾರೆ. ನಾವು ನೆನೆಯುವುದು ಬೇರೆಯದನ್ನು. 17ನೇ ಶತಮಾನದಲ್ಲಿ ಬಂದ ಫ್ರೆಂಚ್ ವ್ಯಾಪಾರಿ ಟವೆರ್ನಿಯೆ, ಕೃಷ್ಣಾ ದಂಡೆಯ ಕೊಲ್ಲೂರು ಗಣಿಯಲ್ಲಿ ಗಂಡಸು, ಹೆಂಗಸು, ಮಕ್ಕಳು ಸೇರಿ ಸುಮಾರು 60,000 ಜನ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ಇನ್ನೊಂದು ಗಣಿಯ ಕೆಲಸಗಾರರಿಗೆ ವರ್ಷಕ್ಕೆ ಸಿಗುತ್ತಿದ್ದದ್ದು 3 ವರಹ ಎಂದೂ, ಒಬ್ಬ ಕೂಲಿಯವನು ಕಣ್ಣಿನ ಮೂಲೆಯಲ್ಲಿ ಒಂದು ವಜ್ರ ಬಚ್ಚಿಟ್ಟು ಸಿಕ್ಕಿಬಿದ್ದನೆಂದೂ ಬರೆದಿದ್ದಾನೆ. ಕಣ್ಣೊಳಗೆ ಕಲ್ಲಿಟ್ಟುಕೊಳ್ಳುವಷ್ಟು ಹಸಿವು ಎಂಥದ್ದಿರಬೇಕು!

1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಟ್ರೇಸಿ ಹಾಲ್ ಎಂಬ ವಿಜ್ಞಾನಿ ಭಾರೀ ಒತ್ತಡ, ಭಾರೀ ಕಾವಿನಲ್ಲಿ ವಜ್ರ ತಯಾರಿಸಿದ. ಅವನಿಗೆ ಕಂಪನಿ ಕೊಟ್ಟ ಇನಾಮು ಹತ್ತು ಡಾಲರಿನ ಬಾಂಡು. ಒಡೆಯರ ಜಾತಿ ಎಲ್ಲಾ ಕಡೆ ಒಂದೇ. ಅಲ್ಲಿಂದ ವಜ್ರ ರಾಣಿಯರ ಕೊರಳಿನಿಂದ ಇಳಿದು ಪುಡಿಯಾಯಿತು. ಆ ಪುಡಿಯನ್ನು ರಾಳದಲ್ಲಿ ಕಲಸಿ, ನಾಲ್ಕಿಂಚಿನ ಬಿಲ್ಲೆ ಮಾಡಿ, ಬೆನ್ನಿಗೆ ವೆಲ್ಕ್ರೋ ಅಂಟಿಸಿದರೆ ಅದೇ ನಮ್ಮ ಹುಡುಗರು ಹೇಳುವ 'ಪ್ಯಾಡು'. 50, 100, 200, 400, 800, 1500, 3000. ನಮ್ಮ ಅಣ್ಣನ ಚೀಲದಲ್ಲಿ ಈ ಏಳೂ ಇವೆ. ಕಾಂಕ್ರೀಟಿಗಾದರೆ ಮೊದಲು ಲೋಹದಲ್ಲಿ ಕೂರಿಸಿದ ವಜ್ರದಿಂದ ಅರೆದು, ಸಿಲಿಕೇಟ್ ದ್ರಾವಣ ಕುಡಿಸುತ್ತಾರೆ. ಅದು ಸಿಮೆಂಟಿನ ಸುಣ್ಣದ ಜೊತೆ ಸೇರಿ ನೆಲ ಗಟ್ಟಿಯಾಗುತ್ತದೆ, ಆಮೇಲೆ ಪ್ಯಾಡು. ಕಲ್ಲು ಕತ್ತರಿಸುವ ಮಿಷನ್ನಿಗೇ ಪ್ಯಾಡು ಸಿಕ್ಕಿಸಿದರೆ ಅದರ ವೇಗಕ್ಕೆ ರಾಳ ಸುಟ್ಟು ಕಲ್ಲಿಗೆ ಮೆತ್ತಿಕೊಳ್ಳುತ್ತದೆ. ಕೆಟ್ಟ ಪ್ಯಾಡಿನ ಕಾಸನ್ನು ಕೂಲಿಯಲ್ಲೇ ಮುರಿದುಕೊಳ್ಳುತ್ತಾರೆ.

ಪ್ಯಾಡಿಗೆ ನೀರು ಬೇಕು. ನೀರಿದ್ದರೆ ದೂಳು ಕೆಸರಾಗಿ ನೆಲಕ್ಕೆ ಕೂರುತ್ತದೆ, ಇಲ್ಲದಿದ್ದರೆ ಎದೆಗೆ ಕೂರುತ್ತದೆ. ಆದರೆ ಮನೆ ಮಾಲೀಕ ಏನನ್ನುತ್ತಾನೆ? "ನೀರು ಹಾಕಬೇಡ, ಗೋಡೆ ಪೇಂಟು ಕೆಡುತ್ತೆ." ಗೋಡೆಗಿರುವ ಬೆಲೆ ಪುಪ್ಪುಸಕ್ಕಿಲ್ಲ. ಗ್ರಾನೈಟಿನಲ್ಲಿ ಸ್ಫಟಿಕ ಶಿಲೆ ಇದೆ, ಕಾಂಕ್ರೀಟಿನ ಮರಳಿನಲ್ಲೂ ಅದೇ. ಅದರ ಕಣ್ಣಿಗೆ ಕಾಣದ ದೂಳು ಪುಪ್ಪುಸದ ಆಳಕ್ಕಿಳಿದು ಗಾಯ ಮಾಡಿ ಗಂಟು ಕಟ್ಟುತ್ತದೆ. ಸಿಲಿಕೋಸಿಸ್ ಅನ್ನುತ್ತಾರೆ. ಬಂದದ್ದು ಹೋಗುವುದಿಲ್ಲ, ವಾಸಿ ಮಾಡುವ ಔಷಧಿ ಇಲ್ಲ. ಕಾಣದಷ್ಟು ಸಣ್ಣ ಗೀರು ಕಲ್ಲಿಗೆ ಹೊಳಪು, ಕಾಣದಷ್ಟು ಸಣ್ಣ ದೂಳು ನಮಗೆ ಸಾವು.

ಇದು ಹೊಸ ಸುದ್ದಿಯೇನಲ್ಲ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1934ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ. ಭೂಮಿಯೊಳಗೆ ಇಳಿದವರಲ್ಲಿ ಬಹುಪಾಲು ತಮಿಳುನಾಡಿನ ಕಡೆಯಿಂದ ಬಂದ ನಮ್ಮ ಜನವೇ. ಗಣಿ 2001ರಲ್ಲಿ ಮುಚ್ಚಿತು. 1948ರ ಕಾರ್ಖಾನೆ ಕಾಯಿದೆ ಸಿಲಿಕೋಸಿಸ್ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕೆಂದು ವಿಧಿಸಿತ್ತು. ಸರಿ, ಆದರೆ ಇಬ್ಬರು ಹುಡುಗರು ಸೇರಿ ಉಜ್ಜುವ ಅಡುಗೆಮನೆ ಕಾರ್ಖಾನೆಯಾದೀತೆ? ಅಡುಗೆಮನೆ ಕಟ್ಟೆಗೆಂದು ಈಗ ಬಂದಿರುವ ಕೃತಕ ಕಲ್ಲಿನಲ್ಲಂತೂ ನೂರಕ್ಕೆ 90ಕ್ಕಿಂತ ಹೆಚ್ಚು ಸಿಲಿಕಾ ಇರುವುದುಂಟು. ಎಳೆಯ ಕೆಲಸಗಾರರು ಉಸಿರುಗಟ್ಟಿ ಸಾಯುವುದನ್ನು ಕಂಡು, ಕಾರ್ಮಿಕ ಸಂಘಗಳು ಹಟ ಹಿಡಿದ ಮೇಲೆ, ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ನಮ್ಮಲ್ಲಿ ಅದನ್ನು ಕೊಯ್ಯುವ ಹುಡುಗರು ಮೂಗಿಗೆ ಕಟ್ಟಿಕೊಳ್ಳುವುದು ಟವೆಲು. ಟವೆಲು ಈ ದೂಳನ್ನು ತಡೆಯುವುದಿಲ್ಲ.

ಹಳ್ಳಿಯ ಮೇಷ್ಟರುಗಳಿಗೆ ಒಂದು ಮಾತು. ನಿಮ್ಮಲ್ಲಿ ಎಸ್ಸೆಸ್ಸೆಲ್ಸಿ ಫೇಲಾದ ಹುಡುಗರು ಬಸ್ಸು ಹತ್ತಿ ಬರುವುದು ಈ ಕೆಲಸಕ್ಕೇ. ನೀರು ಹಾಕದೆ ಉಜ್ಜಬೇಡಿ, ಕೆಮ್ಮು ಬಂದರೆ ಡಾಕ್ಟರ ಮುಂದೆ ಕೆಲಸದ ಹೆಸರು ಬಿಡಿಸಿ ಹೇಳಿ, ಬರೆಸಿ ಅಂತ ಅವರಿಗೆ ಹೇಳಿ. ಯಾಕೆ ಅಂದರೆ, ದೊಡ್ಡಪ್ಪನಿಗೆ ಕೆಮ್ಮು ಹತ್ತಿದಾಗ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ ಟಿ.ಬಿ. ಅಂದರು. ಕಫದಲ್ಲಿ ಕ್ರಿಮಿ ಸಿಗಲಿಲ್ಲ, ಆದರೂ ಮಾತ್ರೆ ಕೊಟ್ಟರು. ಎರಡು ಸಲ ಕೋರ್ಸು ಮುಗಿಸಿದರು, ಉಸಿರು ಬರಲಿಲ್ಲ. ಏನು ಕೆಲಸ ಮಾಡ್ತಿದ್ದೆ ಅಂತ ಯಾರೂ ಕೇಳಲೇ ಇಲ್ಲ. ಅವರು ಹೋದ ಮೇಲೆ ದೊಡ್ಡವ್ವನ ಟ್ರಂಕಿನಲ್ಲಿ ಆ ಚೀಟಿ ಸಿಕ್ಕಿತು. ಉದ್ಯೋಗ ಅಂತಿದ್ದ ಜಾಗದಲ್ಲಿ 'ಕೂಲಿ' ಅಂತಷ್ಟೇ ಬರೆದಿತ್ತು.