ನಂದಿ: ದುರ್ಗದ ನೆರಳಿನ ಊರು

ಬೆಂಗಳೂರಿನ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಚಿಕ್ಕಬಳ್ಳಾಪುರ ತಾಲ್ಲೂಕಿಗೆ ಸೇರಿದ ನಂದಿ ಗ್ರಾಮವು ತನ್ನ ಹೆಸರನ್ನು ಹೊತ್ತ ಬೆಟ್ಟದ ತಪ್ಪಲಿನಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರವಿರುವ ಬಯಲುಸೀಮೆಯ ನಡುವೆ 1,478 ಮೀಟರ್‌ವರೆಗೆ ಒಮ್ಮೆಲೇ ಎದ್ದುನಿಂತ ಈ ಕಲ್ಲುಬೆಟ್ಟವನ್ನು ಸ್ಕಂದಗಿರಿ, ಬ್ರಹ್ಮಗಿರಿ, ಚನ್ನಗಿರಿ ಮೊದಲಾದ ಬೆಟ್ಟಗಳು ಸುತ್ತುವರಿದಿವೆ. ಮೋಡಗಳು ಬಂದು ತಂಗುವ ನೆತ್ತಿಯಲ್ಲಿ ಮಲೆನಾಡನ್ನು ನೆನಪಿಸುವ ನಿತ್ಯಹರಿದ್ವರ್ಣದ ಕಾಡಿನ ತುಣುಕೊಂದು ಉಳಿದುಕೊಂಡಿದ್ದು, ಪಶ್ಚಿಮಘಟ್ಟದ ಹಕ್ಕಿಯಾದ ನೀಲಗಿರಿ ಕಾಡುಪಾರಿವಾಳವು ಇಷ್ಟು ಪೂರ್ವಕ್ಕೆ ಬಂದು ನೆಲೆಸಿರುವುದಕ್ಕೆ ಈ ಕಾಡೇ ಕಾರಣವಾಗಿದೆ. ಈ ಬೆಟ್ಟದ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಮೇಲಿನ ಕೋಟೆಯನ್ನೂ ಅಲ್ಲಿ ಬಂದಿಳಿದ ಅಧಿಕಾರಸ್ಥರನ್ನೂ ಕುರಿತು ಬರೆದಿದ್ದಾರೆ. ಆದರೆ ಕೋಟೆಗಿಂತ ಎಷ್ಟೋ ಶತಮಾನ ಹಳೆಯದಾದ ಬದುಕು ಕೆಳಗಿನ ಊರಿನದು, ಮತ್ತು ಅದನ್ನು ಅರಿಯದೆ ಬೆಟ್ಟದ ಚರಿತ್ರೆಯೂ ಪೂರ್ಣವಾಗಿ ತಿಳಿಯುವುದಿಲ್ಲ.

ನಂದಿಯ ಸುತ್ತಣ ಬೆಟ್ಟಸಾಲು ಒಂದು ಜಲವಿಭಾಜಕ, ಅಂದರೆ ಬಿದ್ದ ಮಳೆ ಯಾವ ನದಿಯ ಪಾಲಾಗಬೇಕೆಂಬುದನ್ನು ನಿರ್ಧರಿಸುವ ಏರುನೆಲ. ಉತ್ತರ ಪಿನಾಕಿನಿಯು ಇಲ್ಲಿ ಹುಟ್ಟಿ ಗೌರಿಬಿದನೂರನ್ನು ದಾಟಿ ಆಂಧ್ರದ ಕಡೆಗೆ ಹರಿದು ನೆಲ್ಲೂರಿನ ಬಳಿ ಕಡಲು ಸೇರಿದರೆ, ಇಲ್ಲಿಯೇ ಹುಟ್ಟುವ ದಕ್ಷಿಣ ಪಿನಾಕಿನಿಯು ಹೊಸಕೋಟೆಯ ಮಾರ್ಗವಾಗಿ ತಮಿಳುನಾಡಿಗೆ ಇಳಿದು ಕಡಲೂರಿನ ಕಡೆಗೆ ಹೋಗುತ್ತದೆ. ಚಿತ್ರಾವತಿಯು ಬಾಗೇಪಲ್ಲಿಯ ಸೀಮೆಯನ್ನು ಹಾದು ಮುಂದೆ ಉತ್ತರ ಪಿನಾಕಿನಿಯನ್ನೇ ಕೂಡಿಕೊಳ್ಳುತ್ತದೆ. ಅರ್ಕಾವತಿ ಮಾತ್ರ ದಕ್ಷಿಣಕ್ಕೆ ತಿರುಗಿ ಕನಕಪುರದ ಆಚೆಯ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಇಷ್ಟು ನದಿಗಳ ತವರಾಗಿದ್ದರೂ ಈ ಸೀಮೆಗೆ ವರ್ಷವಿಡೀ ಹರಿಯುವ ಹೊಳೆಯೊಂದೂ ದಕ್ಕಲಿಲ್ಲ. ಹುಟ್ಟಿದ ನೀರು ಹುಟ್ಟಿದಲ್ಲಿ ನಿಲ್ಲದೆ ಇಳಿದುಹೋಗುವುದರಿಂದ, ಅದನ್ನು ದಾರಿಯಲ್ಲೇ ತಡೆದು ನಿಲ್ಲಿಸುವ ಕೆರೆಯೇ ಇಲ್ಲಿನ ಬೇಸಾಯದ ಆಧಾರವಾಯಿತು, ಮತ್ತು ಒಂದರ ಕೋಡಿ ಬಿದ್ದ ನೀರು ಕೆಳಗಿನ ಇನ್ನೊಂದನ್ನು ತುಂಬಿಸುವ ಕೆರೆಗಳ ಸಾಲುಗಳನ್ನು ಜನ ತಲೆಮಾರುಗಳ ದುಡಿಮೆಯಿಂದ ಕಟ್ಟಿಕೊಂಡರು. ಬೆಂಗಳೂರಿಗೆ ಕೊಳಾಯಿ ನೀರು ಮೊದಲು ದೊರೆತದ್ದು ಇದೇ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ, 1896ರಲ್ಲಿ. ಅದು ಸಾಲದಾದಾಗ ಅದೇ ನದಿಗೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂದಿತು. ಈಗಿನ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರು ಬಳಸಿಬಿಟ್ಟ ನೀರು ಎರಡು ಹಂತಗಳ ಶುದ್ಧೀಕರಣ ಮುಗಿಸಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಪಂಪುಗಳ ಮೂಲಕ ಏರಿ ಬರುತ್ತಿದೆ. ಮೂರನೆಯ ಹಂತದ ಶುದ್ಧೀಕರಣವೂ ಆಗಲೇಬೇಕೆಂದು ಇಲ್ಲಿನ ರೈತರು ಕೇಳುತ್ತಿರುವುದು ನ್ಯಾಯವಾದ ಬೇಡಿಕೆಯಾಗಿದೆ. ನಗರಕ್ಕೆ ತಿಳಿನೀರನ್ನು ಕಳಿಸಿದ ಸೀಮೆಗೆ ಅಷ್ಟನ್ನಾದರೂ ಪಡೆಯುವ ಹಕ್ಕಿದೆ.

ಶಾಸನಗಳು ಈ ಬೆಟ್ಟವನ್ನು ನಂದಗಿರಿ ಎಂದು ಕರೆಯುತ್ತವೆ. ಕೋಲಾರದಲ್ಲಿ ತಮ್ಮ ಆಳ್ವಿಕೆಯನ್ನು ಆರಂಭಿಸಿದ ಗಂಗ ಅರಸರು ಕುವಳಾಲಪುರವರೇಶ್ವರ ಎಂಬ ಬಿರುದಿನ ಜೊತೆಗೆ ನಂದಗಿರಿನಾಥ ಎಂಬ ಬಿರುದನ್ನೂ ಧರಿಸಿದ್ದರು. ರಾಜಧಾನಿಯು ತಲಕಾಡಿಗೆ ಸ್ಥಳಾಂತರಗೊಂಡು ಶತಮಾನಗಳು ಕಳೆದ ಮೇಲೂ ಆ ವಂಶದವರು ಈ ಬಿರುದನ್ನು ಬಿಡದಿದ್ದುದರಿಂದ, ಬೆಟ್ಟವು ಅವರಿಗೆ ಸೇನೆಯ ನೆಲೆಯೆಂಬುದಕ್ಕಿಂತ ಮೂಲಸ್ಥಾನದ ಗುರುತಾಗಿತ್ತೆಂದು ತಿಳಿಯುವುದು ಸರಿಯಾಗುತ್ತದೆ. ಸಮೀಪದ ಗೋಪಿನಾಥ ಬೆಟ್ಟದಲ್ಲಿರುವ ಸುಮಾರು 8ನೆಯ ಶತಮಾನದ ಶಾಸನವೊಂದು ಜೈನ ಚೈತ್ಯಾಲಯವನ್ನು ಕುರಿತು ಹೇಳುವುದರಿಂದ, ಶೈವ ಕ್ಷೇತ್ರವೆಂದು ಹೆಸರಾದ ಈ ನೆಲದಲ್ಲಿ ಜೈನರ ತೀರ್ಥವೂ ಇತ್ತೆಂಬುದು ಖಚಿತವಾಗುತ್ತದೆ.

ಊರಿನ ಭೋಗನಂದೀಶ್ವರ ದೇವಾಲಯದ ಅತ್ಯಂತ ಹಳೆಯ ಉಲ್ಲೇಖಗಳು 9ನೆಯ ಶತಮಾನದ ಆರಂಭಕ್ಕೆ ಸೇರಿವೆ. ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ, ಸುಮಾರು 806ರ ದಾಖಲೆಗಳಲ್ಲಿಯೂ ನೊಳಂಬರ ಶಾಸನದಲ್ಲಿಯೂ ಇಲ್ಲಿನ ಶಿವಾಲಯದ ಮಾತು ಬರುತ್ತದೆ; ಇದನ್ನು ಕಟ್ಟಿಸಿದವಳು ಬಾಣ ವಂಶದ ರಾಣಿ ರತ್ನಾವಳಿ ಎಂದು ಪರಂಪರೆ ಹೇಳುತ್ತದೆ. ದಕ್ಷಿಣದಲ್ಲಿ ಅರುಣಾಚಲೇಶ್ವರ, ಉತ್ತರದಲ್ಲಿ ಭೋಗನಂದೀಶ್ವರ, ಇವೆರಡರ ನಡುವೆ ಅನಂತರ ಸೇರಿದ ಉಮಾಮಹೇಶ್ವರ ಗುಡಿ, ಹೀಗೆ ಮೂರು ಗುಡಿಗಳು ಒಂದೇ ಪ್ರಾಕಾರದೊಳಗೆ ಇವೆ. ಹೊರಗೋಡೆಗಳು ಬಹುತೇಕ ಸರಳವಾಗಿದ್ದರೂ, ಗಾಳಿ ಬೆಳಕು ಹಾಯಲು ಕಲ್ಲನ್ನೇ ಕೊರೆದು ಮಾಡಿದ ಕಿಟಕಿಗಳಾದ ಜಾಲಂಧ್ರಗಳಲ್ಲಿ ನರ್ತಿಸುವ ಶಿವನೂ ಎಮ್ಮೆಯ ತಲೆಯ ಮೇಲೆ ನಿಂತ ದುರ್ಗೆಯೂ ಮೂಡಿದ್ದಾರೆ. ನಡುಗುಡಿಯ ಮುಂದಿನ ಕಲ್ಯಾಣಮಂಟಪದ ನುಣುಪಾದ ಕರಿಗಲ್ಲಿನ ಕಂಬಗಳಲ್ಲಿ ಬಳ್ಳಿ, ಗಿಳಿ, ದೇವತೆಗಳು ಒತ್ತೊತ್ತಾಗಿ ತುಂಬಿಕೊಂಡಿರುವುದು ಆ ಸರಳತೆಗೆ ತೀರ ಬೇರೆಯಾದ ರುಚಿಯಾಗಿದ್ದು, ಒಂದೇ ಅಂಗಳದಲ್ಲಿ ಹಲವು ಕಾಲದ ಶಿಲ್ಪಿಗಳ ಮನಸ್ಸು ಕಾಣಿಸುತ್ತದೆ. ಗಂಗ, ನೊಳಂಬ, ಬಾಣ, ಚೋಳ, ಹೊಯ್ಸಳ, ವಿಜಯನಗರ ಎಂದು ಆಳಿದವರು ಬದಲಾದಂತೆ ಪ್ರತಿಯೊಬ್ಬರೂ ಹಿಂದಿನದನ್ನು ಕೆಡವದೆ ತಮ್ಮದನ್ನು ಸೇರಿಸುತ್ತ ಬಂದರು. ಇದಕ್ಕೆ ಜೊತೆಯಾಗಿ ಬೆಟ್ಟದ ನೆತ್ತಿಯ ಮೇಲೆ ಯೋಗನಂದೀಶ್ವರನಿದ್ದಾನೆ. ಅರುಣಾಚಲೇಶ್ವರನು ಶಿವನ ಬಾಲ್ಯ, ಭೋಗನಂದೀಶ್ವರನು ಯೌವನ, ಯೋಗನಂದೀಶ್ವರನು ವೈರಾಗ್ಯ ಎಂಬ ನಂಬಿಕೆಯು ಊರನ್ನೂ ಬೆಟ್ಟವನ್ನೂ ಒಂದೇ ಕ್ಷೇತ್ರವನ್ನಾಗಿ ಜೋಡಿಸಿದೆ. ಗುಡಿಯ ಪಕ್ಕದ ಶೃಂಗಿತೀರ್ಥವೆಂಬ ಕಲ್ಯಾಣಿ, ಎಂದರೆ ಮೆಟ್ಟಿಲು ಕಟ್ಟಿದ ಕೊಳ, ದಕ್ಷಿಣ ಪಿನಾಕಿನಿಯ ಮೂಲವೆಂದು ಭಕ್ತರು ಭಾವಿಸುತ್ತಾರೆ.

ವಿಜಯನಗರದ ಕಾಲದಲ್ಲಿ ಬೆಟ್ಟದ ಸುತ್ತಲ ನಾಡು ಆವತಿಯ ನಾಡಪ್ರಭುಗಳ ಕೈಗೆ ಬಂದಿತು. ಕಂಚಿಯ ಕಡೆಯಿಂದ ವಲಸೆ ಬಂದು ಆವತಿಯಲ್ಲಿ ನೆಲೆನಿಂತ ರಣಭೈರೇಗೌಡನ ಮನೆತನವೇ ಮುಂದೆ ಕವಲೊಡೆದು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪಾಳೆಯಪಟ್ಟುಗಳನ್ನು, ಅಂದರೆ ಕಪ್ಪ ಸಲ್ಲಿಸಿ ಸೇನೆ ಒದಗಿಸುವ ಕರಾರಿನ ಮೇಲೆ ಆಳುವ ಚಿಕ್ಕ ಸಂಸ್ಥಾನಗಳನ್ನು ಕಟ್ಟಿತು. ಚಿಕ್ಕಬಳ್ಳಾಪುರದ ಪಾಳೆಯಗಾರರಿಗೆ ನಂದಿದುರ್ಗವು ಆಪತ್ತಿನ ಕಾಲದ ಆಸರೆಯಾಗಿತ್ತು. ಹೈದರಾಲಿಯು 1762ರಲ್ಲಿ ಚಿಕ್ಕಬಳ್ಳಾಪುರವನ್ನು ಗೆದ್ದುಕೊಂಡ ಮೇಲೆ ದುರ್ಗವೂ ಮೈಸೂರಿಗೆ ಸೇರಿ, ಅವನೂ ಟಿಪ್ಪುವೂ ಕೋಟೆಯನ್ನು ಬಲಪಡಿಸಿದರು. ಭಾರತದಲ್ಲಿ ನೀಲಗಿರಿ ಮರವನ್ನು ಮೊದಲು ನೆಟ್ಟದ್ದು ಸುಮಾರು 1790ರಲ್ಲಿ, ಇಲ್ಲಿನ ಟಿಪ್ಪುವಿನ ತೋಟದಲ್ಲಿ ಎಂಬ ಮಾತು ಅರಣ್ಯಶಾಸ್ತ್ರದ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸನು ಬೆಂಗಳೂರನ್ನು ಹಿಡಿದುಕೊಂಡಿದ್ದರೂ ನಂದಿದುರ್ಗವು ಟಿಪ್ಪುವಿನ ಕೈಯಲ್ಲಿಯೇ ಇದ್ದುದರಿಂದ, ಉತ್ತರದ ಹೈದರಾಬಾದಿನ ಕಡೆಯಿಂದ ಸಾಮಗ್ರಿ ತರುವ ದಾರಿ ಇಂಗ್ಲಿಷರಿಗೆ ಸುರಕ್ಷಿತವಾಗಿರಲಿಲ್ಲ. 1791ರ ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಮೇಜರ್ ಗೌಡಿಯ ಪಡೆ ಮುತ್ತಿಗೆ ಆರಂಭಿಸಿತು. ಉಳಿದ ಮಗ್ಗುಲುಗಳೆಲ್ಲ ನೇರ ಬಂಡೆಯಾಗಿದ್ದು ಪಶ್ಚಿಮದ ಇಳಿಜಾರೊಂದೇ ಹತ್ತಬಹುದಾಗಿದ್ದರಿಂದ, ಆ ಕಡೆ ಗಿಡಬಂಡೆಗಳನ್ನು ಕಡಿದು ದಾರಿ ಮಾಡಿ, ಆನೆಗಳ ನೆರವಿನಿಂದ ಭಾರಿ ಫಿರಂಗಿಗಳನ್ನು ಮೇಲಕ್ಕೆ ಎಳೆಯಲು ಎರಡು ವಾರಗಳೇ ಹಿಡಿದವು. ಗೋಡೆಗಳಲ್ಲಿ ಎರಡು ಬಿರುಕುಗಳಾದ ಮೇಲೆ, ಅಕ್ಟೋಬರ್ 18ರ ರಾತ್ರಿ ಕಳೆದು 19 ಹುಟ್ಟುವ ಹೊತ್ತಿನಲ್ಲಿ, ಬೆಳದಿಂಗಳಲ್ಲಿ ಜನರಲ್ ಮೆಡೋಸನ ಮುಂದಾಳ್ತನದಲ್ಲಿ ದಾಳಿ ನಡೆಯಿತು. ಕೋಟೆಯೊಳಗಿನವರು ಮೇಲಿನಿಂದ ಬಂಡೆಗಳನ್ನು ಉರುಳಿಸಿ ಎದುರಿಸಿದರೂ ದುರ್ಗ ಉಳಿಯಲಿಲ್ಲ. ಈ ಕಾಳಗವನ್ನು ಇಂಗ್ಲಿಷರು ಸಾಹಸವೆಂದು ವಿವರವಾಗಿ ಬರೆದಿಟ್ಟರು. ಮೂರು ವಾರಕ್ಕೂ ಹೆಚ್ಚು ಕಾಲ ಅಷ್ಟು ದೊಡ್ಡ ಸೇನೆಗೂ ಅದರ ಎತ್ತು ಆನೆಗಳಿಗೂ ಮೇವು ನೀರು ಒದಗಿಸಬೇಕಾಗಿದ್ದ ಸುತ್ತಲ ಹಳ್ಳಿಗಳ ಪಾಡಿಗೆ ಆ ಬರಹಗಳಲ್ಲಿ ಸಿಕ್ಕ ಸ್ಥಳ ತೀರ ಕಡಿಮೆಯೆಂಬುದನ್ನು ಚರಿತ್ರೆಯ ಓದುಗರು ಮರೆಯಬಾರದು.

ಮುಂದಿನ ಶತಮಾನದಲ್ಲಿ ದುರ್ಗವು ಬೇಸಿಗೆಯ ತಂಗುದಾಣವಾಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ನೆತ್ತಿಯ ಮೇಲೆ ಬಂಗಲೆ ಕಟ್ಟಿಸಿದನು. ಅನಂತರ ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳ ಆಡಳಿತ ವಿಭಾಗಕ್ಕೆ ನಂದಿದುರ್ಗದ ಹೆಸರನ್ನೇ ಇಡಲಾಯಿತು. ಆರೋಗ್ಯ ಕೆಟ್ಟಿದ್ದ ಗಾಂಧೀಜಿ 1927ರ ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ಇಲ್ಲಿ ವಿಶ್ರಾಂತಿ ಪಡೆದು, 1936ರ ಮೇ ತಿಂಗಳಲ್ಲಿ ಮತ್ತೆ ಬಂದು ತಂಗಿದರು. 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಸಾರ್ಕ್ ಶೃಂಗಸಭೆಯ ನಾಯಕರೂ ಇಲ್ಲಿಗೆ ಬಂದು ಕಲೆತರು.

ಇವರಲ್ಲಿ ಯಾರನ್ನೂ ಕಾಯದೆ ಊರು ತನ್ನ ವರ್ಷದ ಲೆಕ್ಕವನ್ನು ಶಿವರಾತ್ರಿಯಿಂದ ಇಟ್ಟುಕೊಂಡು ಬಂದಿದೆ. ಆಗ ನಡೆಯುವ ಭೋಗನಂದೀಶ್ವರನ ರಥೋತ್ಸವದೊಂದಿಗೆ ದನಗಳ ಜಾತ್ರೆಯೂ ಸೇರುತ್ತಿತ್ತು. ಸುಗ್ಗಿಯ ಕೆಲಸ ಮುಗಿದು ಮುಂದಿನ ಉಳುಮೆಗೆ ಇನ್ನೂ ಸಮಯವಿರುವ ಆ ದಿನಗಳು ಎತ್ತು ಕೊಳ್ಳುವುದಕ್ಕೂ ಮಾರುವುದಕ್ಕೂ ತಕ್ಕವಾಗಿದ್ದುದರಿಂದ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರುಗಳ ಕನ್ನಡ ತೆಲುಗು ಎರಡನ್ನೂ ಆಡುವ ರೈತರಿಗೆ ದೇವರ ದರ್ಶನವೂ ಮನೆಯ ವ್ಯವಹಾರವೂ ಒಂದೇ ಪಯಣದಲ್ಲಿ ಮುಗಿಯುತ್ತಿದ್ದವು. 1915ರ ಸುಮಾರಿಗೆ ಚಿಕ್ಕಬಳ್ಳಾಪುರದ ಕಡೆಗೆ ಬಂದ ಕಿರಿದಾದ ಹಳಿಯ ರೈಲುಮಾರ್ಗದಲ್ಲಿ ನಂದಿ ಹಾಲ್ಟ್ ಎಂಬ ಚಿಕ್ಕ ನಿಲ್ದಾಣ ತೆರೆದ ಮೇಲೆ, ಜಾತ್ರೆಗೆ ಬರುವವರಿಗೆ ಎತ್ತಿನ ಗಾಡಿಯ ಜೊತೆಗೆ ಇನ್ನೊಂದು ದಾರಿಯೂ ದೊರೆಯಿತು. ಉಳುಮೆಗೆ ಟ್ರ್ಯಾಕ್ಟರ್ ಬಂದು, ಹೊಲಗಳಲ್ಲಿ ರಾಗಿಯ ಪಕ್ಕದಲ್ಲಿ ದ್ರಾಕ್ಷಿಯ ಚಪ್ಪರ, ಹಿಪ್ಪುನೇರಳೆ, ಹೂವಿನ ಬೆಳೆಗಳು ಎದ್ದು, ಅವುಗಳಿಗೆ ಕೊಳವೆಬಾವಿಯ ನೀರೇ ಗತಿಯಾದ ಮೇಲೆ ಎತ್ತುಗಳ ವ್ಯಾಪಾರ ಕುಗ್ಗಿತು. ತೇರನ್ನು ಎಳೆಯಲು ಸುತ್ತಲ ಹಳ್ಳಿಗಳವರು ಬರುವುದು ಮಾತ್ರ ಇಂದಿಗೂ ನಿಂತಿಲ್ಲ.